ಡೇಟಾಬೇಸ್ ಸರ್ವರ್‌ಗೆ ಫೇಲ್‌ಓವರ್ ಕ್ಲಸ್ಟರ್ ಸಾಫ್ಟ್‌ವೇರ್ ಯಾವ್ದು ತಗೋಬೇಕು? ನಮ್ ಕಡೆ ಮಂದಿ ಪದೇ ಪದೇ ಕೇಳೋ ಪ್ರಶ್ನೆಗಳು

ಬೆಳಗಾವಿ ಉದ್ಯಮಬಾಗದ ಫೌಂಡ್ರಿ ಇರ್ಲಿ, ಮುಧೋಳ ಜಮಖಂಡಿ ಕಡೆ ಸಕ್ಕರಿ ಕಾರ್ಖಾನಿ ಇರ್ಲಿ, ವಿಜಯಪುರದ ದವಾಖಾನಿ ಇರ್ಲಿ, ಇಲ್ಲಾ ಓಣಿಗೊಂದು ಇರೋ ಸೌಹಾರ್ದ ಸೊಸೈಟಿ ಇರ್ಲಿ, ಎಲ್ಲಾ ಕಡೆ ಒಂದು ಸಣ್ಣ ಖೋಲಿ ಇರತೈತಿ, ಅದ್ರಾಗ ಒಂದು ಎಸಿ, ಒಂದು ಯುಪಿಎಸ್, ಒಂದು ಸರ್ವರ್. ಆ ಸರ್ವರ್ ಕೈ ಕೊಟ್ಟ ಮರುದಿನಾನ ಕ್ಲಸ್ಟರ್ ಮಾತು, ಅಂದ್ರ ಒಂದು ಸರ್ವರ್ ಸತ್ರ ಇನ್ನೊಂದು ಅದ್ರ ಕೆಲಸ ಹಿಡಿಯೋ (ಫೇಲ್‌ಓವರ್) ಜೋಡಣೆ ಮಾತು, ಶುರು ಆಗತೈತಿ, "ಸರ, ಯಾವ ಸಾಫ್ಟ್‌ವೇರ್ ಛಲೋ ಹೇಳ್ರಿ" ಅಂತ. ಒಂದ ಮಾತಿನ್ಯಾಗ ಹೇಳೋ ಉತ್ತರ ಅಲ್ಲ ಇದು. ಡೇಟಾಬೇಸ್ ದಿನಾ ನೋಡ್ಕೊಳ್ಳೋ ಆದ್ರ ಕ್ಲಸ್ಟರ್‌ಗೆ ಇನ್ನೂ ಕೈ ಹಚ್ಚದ ಅಡ್ಮಿನ್‌ಗಳಿಗಾಗಿ ಬರ್ದೀನಿ.

ಪ್ರಶ್ನೆ: ರೆಪ್ಲಿಕೇಶನ್ ಈಗಾಗ್ಲೇ ಐತ್ರಿ, ಮತ್ತ ಕ್ಲಸ್ಟರ್ ಸಾಫ್ಟ್‌ವೇರ್ ಯಾಕ?

ರೆಪ್ಲಿಕೇಶನ್ ಡೇಟಾ ನಕಲು ಮಾಡತೈತಿ, ಅಷ್ಟ. ಮೇನ್ ಸರ್ವರ್ ಸತ್ರೂ ಎರಡನೇದು ತಾನಾಗಿ ಮೇನ್ ಆಗಂಗಿಲ್ಲ, ಯಾರರ ಬಂದು ಪ್ರಮೋಟ್ ಮಾಡಬೇಕು, ಅಪ್ಲಿಕೇಶನ್‌ದಾಗ ಐಪಿ ಬದಲಿಸಬೇಕು. ಕ್ಲಸ್ಟರ್ ಸಾಫ್ಟ್‌ವೇರ್ ಏನ್ ಮಾಡತೈತಿ ಅಂದ್ರ ಮೇನ್ ಸತ್ತೈತಿ ಅಂತ ಕಂಡುಹಿಡೀತೈತಿ, ಮುಂದ ಯಾರು ಮೇನ್ ಅಂತ ತೀರ್ಮಾನ ಮಾಡತೈತಿ, ಹಳೇದು ನಡುವ ಎದ್ದು ಬಂದು ಬರೀಲಾರದಂಗ ನೋಡ್ಕೊಂಡು ಟ್ರಾಫಿಕ್ ಹೊಸದಕ್ಕ ತಿರುಗಿಸತೈತಿ. ಮೊದಲ್ನೇ ಕೆಲಸ ಸರಳ ಅನಸ್ತೈತಿ, ಖರೇ ಅಂದ್ರ ಅದ ಎಲ್ಲಾಕಿಂತ ತ್ರಾಸಿಂದು. ಆ ಕಡೆ ಮಷಿನ್‌ನಿಂದ ಉತ್ತರ ಬರವಲ್ದು ಅಂದ್ರ ಅದು ಸತ್ತೈತೋ, ನಡುವಿನ ಕೇಬಲ್ ಹೋಗೈತೋ, ಇಲ್ಲಾ ಲೋಡ್ ಜಾಸ್ತಿ ಆಗಿ ಉಸಿರುಗಟ್ಟಿ ಕುಂತೈತೋ, ಈ ಕಡೆಯಿಂದ ನೋಡಿದ್ರ ಮೂರೂ ಒಂದ ಥರ ಕಾಣತಾವ. ಸಾಫ್ಟ್‌ವೇರ್ ಆರಿಸೋದು ಅಂದ್ರ ಈ ಗೊಂದಲದಾಗ ಅದು ಏನ್ ಮಾಡತೈತಿ ಅಂತ ನೋಡೋದು. ಡ್ಯಾಶ್‌ಬೋರ್ಡ್ ಎಷ್ಟು ಚಂದ ಐತಿ ಅನ್ನೋದು ಆಮ್ಯಾಲೆ.

ಪ್ರಶ್ನೆ: ನಮಗ ಇದು ಖರೇನ ಬೇಕೇನ್ರಿ?

ಎರಡು ಸಂಖ್ಯೆ ಮಾಲೀಕರ ಬಾಯಿಂದ ಹೇಳಸ್ರಿ. ಎಷ್ಟು ಹೊತ್ತು ಬಂದ್ ಇದ್ರ ತಡ್ಕೋತೀರಿ, ಮತ್ತ ಎಷ್ಟು ಎಂಟ್ರಿ ಕಳೆದುಹೋದ್ರ ತಡ್ಕೋತೀರಿ. ಎರಡಕ್ಕೂ "ಒಂದು ಸೆಕೆಂಡೂ ಇಲ್ಲ, ಒಂದೂ ಇಲ್ಲ" ಅಂತಾರ, ಅಂದೇ ಅಂತಾರ, ಆಗ ಖರ್ಚಿನ ಚೀಟಿ ಮುಂದಿಟ್ಟು ಇನ್ನೊಮ್ಮೆ ಕೇಳ್ರಿ. ವರ್ಷದಾಗ 99.9 ಪರ್ಸೆಂಟ್ ಚಾಲೂ ಅಂದ್ರೂ ಸುಮಾರು 8 ತಾಸು 45 ನಿಮಿಷ ಬಂದ್ ಇರಬಹುದು ಅಂತ ಅರ್ಥ, 99.99 ಅಂದ್ರ ಸುಮಾರು 52 ನಿಮಿಷ. ಆ ಒಂದು 9 ಸೇರಸೋದಕ್ಕ ಬೀಳೋ ಖರ್ಚು ಸಣ್ಣದಲ್ಲ.

ಕಬ್ಬು ನುರಿಸೋ ಹಂಗಾಮಿನ್ಯಾಗ ಕಾಟಾದ (ಕಬ್ಬಿನ ಗಾಡಿ ತೂಕ ಮಾಡೋ ಕಡೆ) ಡೇಟಾಬೇಸ್ ನಿಂತ್ರ ಅರ್ಧ ತಾಸಿನ್ಯಾಗ ಟ್ರ್ಯಾಕ್ಟರ್ ಪಾಳೆ ಗೇಟ್ ದಾಟಿ ಮೇನ್ ರೋಡಿಗೆ ಬರತೈತಿ, ಡ್ರೈವರ್‌ಗಳ ಸಿಟ್ಟು ನೋಡಿದವ್ರಿಗೇ ಗೊತ್ತು, ಅಲ್ಲಿ ಕ್ಲಸ್ಟರ್ ಬೇಕು. ಅದ ಕಾರ್ಖಾನಿದು ಹಂಗಾಮು ಮುಗಿದ ಮ್ಯಾಲೆ ಅದ ಡೇಟಾಬೇಸ್ ಅರ್ಧ ದಿನ ಬಂದ್ ಇದ್ರೂ ಯಾರೂ ಕೇಳಂಗಿಲ್ಲ. ಸೊಸೈಟಿದಾಗ ಒಂದು ತಾಸು ಕೌಂಟರ್ ನಿಂತ್ರ ನಡೀತೈತಿ ಆದ್ರ ಒಂದು ಪಿಗ್ಮಿ ಎಂಟ್ರಿ ಕಳೆದ್ರ ನಡಿಯಂಗಿಲ್ಲ, ಅಂದ್ರ ಅವ್ರಿಗೆ ಬೇಕಾದ್ದು ಸಿಂಕ್ರೊನಸ್ ನಕಲು (ಎರಡೂ ಕಡೆ ಬರ್ದ ಮ್ಯಾಲೇನ ಎಂಟ್ರಿ ಆತು ಅನ್ನೋದು), ಆಟೋಮ್ಯಾಟಿಕ್ ಫೇಲ್‌ಓವರ್ ಅಲ್ಲ. ಒಂದು ಕಾಲೇಜು ಲೈಬ್ರರಿ ಸಾಫ್ಟ್‌ವೇರ್‌ಗೆ ಎರಡೂ ಬ್ಯಾಡ, ದಿನಾ ಬ್ಯಾಕಪ್ ಮತ್ತ ಒಂದು ಸ್ಪೇರ್ ಮಷಿನ್ ಸಾಕು. ಕೈಯಿಂದ ಪ್ರಮೋಟ್ ಮಾಡೋದಕ್ಕ ಒಂದು ಪುಟದ ಚೀಟಿ ಬರ್ದು ಗ್ವಾಡಿಗೆ ಅಂಟಿಸಿದ್ರ ಹತ್ತು ಹದಿನೈದು ನಿಮಿಷದ ಕೆಲಸ, ಅಷ್ಟ ಸಾಕಾಗೋ ಕಡೆ ಕ್ಲಸ್ಟರ್ ಹಚ್ಚಬ್ಯಾಡ್ರಿ. ಅರೆಬರೆ ತಿಳ್ಕೊಂಡು ಹಚ್ಚಿದ ಕ್ಲಸ್ಟರ್ ಒಂಟಿ ಸರ್ವರ್‌ಕಿಂತ ಜಾಸ್ತಿ ಸರ್ತಿ ಬಂದ್ ಬೀಳತೈತಿ.

ಪ್ರಶ್ನೆ: ಎರಡು ಸರ್ವರ್ ಕೊಂಡೀವಿ, ಸಾಕಲ್ಲ?

ಡೇಟಾ ಇಡಾಕ ಸಾಕು, ತೀರ್ಮಾನ ಮಾಡಾಕ ಸಾಲಂಗಿಲ್ಲ. ಎರಡರ ನಡುವಿನ ನೆಟ್‌ವರ್ಕ್ ಕಡಿದ್ರ ಇಬ್ರೂ ಆ ಕಡೆಯಂವ ಸತ್ತಾನ ಅನ್ಕೋತಾರ, ಇಬ್ರೂ ಮೇನ್ ಆಗತಾರ. ಒಂದು ಕಾಟಾ ಈ ಸರ್ವರ್‌ಗೆ ಬರೀತೈತಿ, ಇನ್ನೊಂದು ಕಾಟಾ ಆ ಸರ್ವರ್‌ಗೆ ಬರೀತೈತಿ, ಒಂದ ನಂಬರಿನ ತೂಕದ ಚೀಟಿ ಇಬ್ರು ಬ್ಯಾರೆ ಬ್ಯಾರೆ ರೈತರ ಕೈಯಾಗ ಹೋಗತೈತಿ, ಮತ್ತ ನೆಟ್‌ವರ್ಕ್ ಕೂಡಿದಾಗ ಯಾವ್ದು ಖರೇ ಯಾವ್ದು ಸುಳ್ಳು ಅಂತ ಯಾವ ಸಾಫ್ಟ್‌ವೇರೂ ಹೇಳಂಗಿಲ್ಲ. ಇದಕ್ಕ ಸ್ಪ್ಲಿಟ್ ಬ್ರೇನ್ ಅಂತಾರ. ಬಂದ್ ಬಿದ್ದ ಡೇಟಾಬೇಸ್ ಮರುದಿನ ಎತ್ತಬಹುದು, ಎರಡಾಗಿ ಸೀಳಿದ ಡೇಟಾಬೇಸ್ ಕೂಡಸೋದು ವಾರಗಟ್ಲೆ ಕೈಲೆಕ್ಕದ ಕೆಲಸ.

ಅದಕ್ಕ ಮೂರನೇ ಓಟ್ ಬೇಕು. ಮೂರನೇದು ದೊಡ್ಡ ಮಷಿನ್ ಆಗಬೇಕಂತಿಲ್ಲ, ಡೇಟಾನೂ ಇಡಬೇಕಂತಿಲ್ಲ. ಪೇಸ್‌ಮೇಕರ್ ಕೊರೊಸಿಂಕ್ (ಲಿನಕ್ಸ್‌ದ ಕ್ಲಸ್ಟರ್ ಸಾಫ್ಟ್‌ವೇರ್ ಜೋಡಿ) ಆದ್ರ ಕ್ಯೂಡಿವೈಸ್ ಅಂತ ಐತಿ, ಒಂದು ಸಣ್ಣ ಹಳೇ ಡೆಸ್ಕ್‌ಟಾಪ್‌ದಾಗ ಕೂಡ್ರತೈತಿ. ವಿಂಡೋಸ್ ಕ್ಲಸ್ಟರ್ ಆದ್ರ ಡಿಸ್ಕ್ ವಿಟ್ನೆಸ್, ಫೈಲ್ ಶೇರ್ ವಿಟ್ನೆಸ್, ಮತ್ತ ವಿಂಡೋಸ್ ಸರ್ವರ್ 2016ರಿಂದ ಅಜೂರ್‌ದಾಗ ಇಡೋ ಕ್ಲೌಡ್ ವಿಟ್ನೆಸ್. ಗಲೇರಾ (ಮರಿಯಾಡಿಬಿ ಕ್ಲಸ್ಟರ್) ಆದ್ರ ಗಾರ್ಬ್‌ಡಿ ಅನ್ನೋ ಸಣ್ಣ ಪ್ರೋಗ್ರಾಂ. ಪ್ಯಾಟ್ರೋನಿ (ಪೋಸ್ಟ್‌ಗ್ರೆಸ್‌ದು) ಆದ್ರ, ಮೇನ್ ಯಾರು ಅಂತ ಬರ್ದಿಡೋ ಎಟ್‌ಸಿಡಿ ಅನ್ನೋ ಸಣ್ಣ ಡೇಟಾಬೇಸ್‌ದ ಮೂರನೇ ನೋಡ್ (ನೋಡ್ ಅಂದ್ರ ಕ್ಲಸ್ಟರ್‌ದ ಒಂದೊಂದು ಮಷಿನ್).

ಮೂರನೇದನ್ನ ಎಲ್ಲಿ ಇಡತೀರಿ ಅನ್ನೋದು ಸಾಫ್ಟ್‌ವೇರ್ ಹೆಸರಿಗಿಂತ ದೊಡ್ಡ ಮಾತು. ಒಂದ ಖೋಲಿ, ಒಂದ ಸ್ವಿಚ್, ಒಂದ ಯುಪಿಎಸ್ ಮ್ಯಾಲೆ ಮೂರೂ ಇಟ್ರ ಮೂರು ಓಟ್ ಅಲ್ಲ ಅದು, ಆ ಯುಪಿಎಸ್‌ದ ಒಂದ ಓಟು. ಕಾರ್ಖಾನಿ ಆದ್ರ ಅಡ್ಮಿನ್ ಬಿಲ್ಡಿಂಗ್‌ದಾಗ ಒಂದು, ಕಾಟಾ ಕಡೆ ಒಂದು, ಲ್ಯಾಬ್‌ದಾಗ ಸಣ್ಣದೊಂದು ಹಿಂಗ ಹಂಚ್ರಿ. ಇನ್ನೊಂದು ತಪ್ಪು ಕಲ್ಪನೆ ಐತಿ, ನಾಕು ನೋಡ್ ಹಾಕಿದ್ರ ಮೂರಕ್ಕಿಂತ ಗಟ್ಟಿ ಅಂತ. ಮೂರರಾಗ ಒಂದು ಸಾಯಬಹುದು, ನಾಕರಾಗೂ ಒಂದ ಸಾಯಬಹುದು. ಐದು ಮಾಡಿದ್ರ ಎರಡು.

ಪ್ರಶ್ನೆ: ಫೆನ್ಸಿಂಗ್ ಆಫ್ ಮಾಡಿದ್ರ ಕ್ಲಸ್ಟರ್ ಲಗೂನ ಚಾಲೂ ಆಗತೈತಿ, ವೆಂಡರ್ ಹಂಗ ಮಾಡಿ ಕೊಟ್ಟಾನ. ನಡೀತೈತಾ?

ನಡಿಯಂಗಿಲ್ಲ. ಪೇಸ್‌ಮೇಕರ್‌ದಾಗ ಸ್ಟೋನಿತ್ (ಫೆನ್ಸಿಂಗ್‌ಗೆ ಅಲ್ಲಿನ ಹೆಸರು) ಆಫ್ ಮಾಡೋ ಸಾಲು ಇಂಟರ್ನೆಟ್ಟಿನ ಅರ್ಧಕ್ಕರ್ಧ ಟ್ಯುಟೋರಿಯಲ್‌ದಾಗ ಐತಿ, ಲ್ಯಾಬ್‌ದಾಗ ಕಲಿಯೋರಿಗೆ ಬರ್ದಿದ್ದು ಅದು. ರೆಡ್ ಹ್ಯಾಟ್‌ನವ್ರು ಫೆನ್ಸಿಂಗ್ ಇಲ್ಲದ ಕ್ಲಸ್ಟರ್‌ಗೆ ಸಪೋರ್ಟ್‌ನ ಕೊಡಂಗಿಲ್ಲ. ಆ ಕಡೆ ಸರ್ವರ್ ಸತ್ತೈತೋ ಇಲ್ಲೋ ಅನ್ನೋ ಗೊಂದಲ ಮೊದ್ಲ ಹೇಳಿದ್ನಲ್ಲ, ಫೆನ್ಸಿಂಗ್ ಅದನ್ನ ಒಂದ ಏಟಿಗೆ ಮುಗಸ್ತೈತಿ, ಆ ಸರ್ವರ್‌ದ ಪವರ್ ತೆಗೆದು ಹೌದೋ ಅಲ್ಲೋ ಅನ್ನೋ ಪ್ರಶ್ನೆನ ಇಲ್ಲದಂಗ ಮಾಡತೈತಿ. ಹೆಚ್‌ಪಿ ಆದ್ರ ಐಲೋ, ಡೆಲ್ ಆದ್ರ ಐಡ್ರಾಕ್, ಅಂದ್ರ ಸರ್ವರ್ ಒಳಗಿನ ರಿಮೋಟ್ ಕಂಟ್ರೋಲ್ ಚಿಪ್ ಮೂಲಕ ಮಾಡೋದು ರೂಢಿ.

ಇದ್ರಾಗ ಒಂದು ಖೋಡಿ ಐತಿ, ಡೆಮೋದಾಗ ಯಾರೂ ತೋರ್ಸಂಗಿಲ್ಲ. ಐಲೋ ಐಡ್ರಾಕ್ ಇವು ಅದ ಸರ್ವರ್‌ದ ಪವರ್ ಸಪ್ಲೈ ಮ್ಯಾಲೆ ಬದುಕೋದು. ಸರ್ವರ್‌ದ ಎರಡೂ ಪವರ್ ಕೇಬಲ್ ಹೋದ್ರ ಅದೂ ಸಾಯತೈತಿ. ಆಗ ಉಳಿದ ಸರ್ವರ್ ಫೆನ್ಸ್ ಮಾಡಾಕ ಹೋಗತೈತಿ, ಉತ್ತರ ಬರಂಗಿಲ್ಲ, ಖಾತ್ರಿ ಆಗಲಾರದ ಮುಂದ ಹೋಗಬಾರದು ಅಂತ ಅದು ಹಂಗ ಕಾಯ್ಕೊಂತ ಕೂಡ್ರತೈತಿ. ಅಂದ್ರ ಕರೆಂಟ್ ಹೋದದ್ದಕ್ಕ ಅಂತ ಕ್ಲಸ್ಟರ್ ಮಾಡಿ ಕರೆಂಟ್ ಹೋದಾಗ್ಲೇ ಅದು ಫೇಲ್‌ಓವರ್ ಮಾಡವಲ್ದು. ಇದಕ್ಕ ಎರಡನೇ ಹಂತ ಇಡಬೇಕು, ರಿಮೋಟ್‌ನಿಂದ ಆಫ್ ಮಾಡೋ ಪಿಡಿಯು (ಸರ್ವರ್‌ಗೆ ಕರೆಂಟ್ ಹಂಚೋ ಪಟ್ಟಿ), ಇಲ್ಲಾ ವಾಚ್‌ಡಾಗ್ ಮ್ಯಾಲೆ ನಡಿಯೋ ಎಸ್‌ಬಿಡಿ (ಸಂಪರ್ಕ ತಪ್ಪಿದ ಸರ್ವರ್ ತಾನ ರೀಸೆಟ್ ಆಗೋ ವ್ಯವಸ್ಥೆ). ನೀವು ನೋಡತಿರೋ ಪ್ರಾಡಕ್ಟ್‌ದಾಗ ಈ ಎರಡನೇ ಹಂತ ಐತೋ ಇಲ್ಲೋ ಮೊದ್ಲ ಕೇಳ್ರಿ.

ಪ್ರಶ್ನೆ: ಶೇರ್ಡ್ ಡಿಸ್ಕ್ ಛಲೋನೋ, ಎರಡು ಕಡೆ ನಕಲು ಛಲೋನೋ?

ಸ್ಯಾನ್ (ಸರ್ವರ್‌ಗಳು ಹಂಚ್ಕೊಳ್ಳೋ ಹೊರಗಿನ ಡಿಸ್ಕ್ ಪೆಟ್ಟಿಗೆ) ಈಗಾಗ್ಲೇ ಇದ್ರ, ಅದಕ್ಕ ಎರಡು ಕಂಟ್ರೋಲರ್ ಇದ್ರ, ಶೇರ್ಡ್ ಡಿಸ್ಕ್ ಕ್ಲಸ್ಟರ್ ಸರಳ, ಡೇಟಾ ಒಂದ ಕಡೆ ಇರತೈತಿ, ಕಳೆಯೋ ಮಾತಿಲ್ಲ. ಆದ್ರ ಸ್ಯಾನ್ ಸತ್ರ ಎರಡೂ ಸರ್ವರ್ ಕೈಕಟ್ಟಿ ಕೂಡ್ರತಾವ. ಕ್ಲಸ್ಟರ್‌ಗೋಸ್ಕರಾನ ಸ್ಯಾನ್ ಕೊಳ್ಳೋದು ನನಗ ಸರಿ ಅನ್ನಸಂಗಿಲ್ಲ, ಆ ರೊಕ್ಕದಾಗ ಮೂರು ಸರ್ವರ್ ಬರತಾವ. ಸ್ಯಾನ್ ಇಲ್ಲದ ಡಿಸ್ಕ್ ಮಟ್ಟದಾಗ ನಕಲು ಮಾಡಬೇಕಂದ್ರ ಡಿಆರ್‌ಬಿಡಿ ಐತಿ, ವಿಯೆನ್ನಾದ ಲಿನ್‌ಬಿಟ್ ಕಂಪನಿದು, 2010ರಿಂದ ಲಿನಕ್ಸ್ ಕರ್ನಲ್ ಒಳಗ ಬಂದೈತಿ. ಪ್ರೋಟೋಕಾಲ್ ಸಿ ಇಟ್ರ ಎರಡೂ ಡಿಸ್ಕ್‌ನ್ಯಾಗ ಬರ್ದ ಮ್ಯಾಲೆ ಮಾತ್ರ ಬರೆದಾತು ಅಂತ ಹೇಳತೈತಿ. ತನ್ನದ ರೆಪ್ಲಿಕೇಶನ್ ಇಲ್ಲದ ಹಳೇ ಡೇಟಾಬೇಸ್‌ಗೆ ಇದು ಭಾಳ ಉಪಯೋಗ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಇದ್ದಲ್ಲಿ ಮಾತ್ರ ಡೇಟಾಬೇಸ್‌ದ್ದ ರೆಪ್ಲಿಕೇಶನ್ ಬಳಸ್ರಿ, ಯಾಕಂದ್ರ ಫೈಲ್‌ಸಿಸ್ಟಮ್ ಕೆಟ್ರ ಡಿಆರ್‌ಬಿಡಿ ಆ ಕೆಟ್ಟದ್ದನ್ನೂ ನಿಷ್ಠೆಯಿಂದ ಆ ಕಡೆ ಬರೀತೈತಿ.

ಪ್ರಶ್ನೆ: ಪೋಸ್ಟ್‌ಗ್ರೆಸ್‌ಗೆ ಯಾವ್ದು?

ಸ್ಟ್ರೀಮಿಂಗ್ ರೆಪ್ಲಿಕೇಶನ್ 2010ರ 9.0ದಿಂದ ಪೋಸ್ಟ್‌ಗ್ರೆಸ್ ಒಳಗ ಐತಿ, ಆದ್ರ ಆಟೋಮ್ಯಾಟಿಕ್ ಫೇಲ್‌ಓವರ್ ಅವ್ರು ಒಳಗ ಇಟ್ಟಿಲ್ಲ, ಹೊರಗಿನ ಸಾಫ್ಟ್‌ವೇರ್ ಬೇಕು. ಹೆಸರು ಕೇಳಿಬರೋದು ಪ್ಯಾಟ್ರೋನಿ, ರೆಪ್‌ಎಂಜಿಆರ್, ಪಿಜಿ ಆಟೋ ಫೇಲ್‌ಓವರ್, ಮತ್ತ ಪೇಸ್‌ಮೇಕರ್.

ನನ್ನ ಓಟ್ ಪ್ಯಾಟ್ರೋನಿಗೆ. ಜಲಾಂಡೋ ಕಂಪನಿಯವ್ರು ಬೆಳೆಸಿದ ಓಪನ್ ಸೋರ್ಸ್. ಮೇನ್ ಯಾರು ಅನ್ನೋ ಕೀಲಿ ಎಟ್‌ಸಿಡಿ ಇಲ್ಲಾ ಕಾನ್ಸಲ್‌ದಾಗ ಇರತೈತಿ, ಮೇನ್ ಸರ್ವರ್ ಆ ಕೀಲಿನ ಆಗಾಗ ನವೀಕರಿಸಬೇಕು, ಆಗಲಿಲ್ಲ ಅಂದ್ರ ತಾನ ಕೆಳಗಿಳೀತೈತಿ. ಡಿಫಾಲ್ಟ್‌ದಾಗ ಕೀಲಿ ಆಯುಷ್ಯ 30 ಸೆಕೆಂಡ್, 10 ಸೆಕೆಂಡಿಗೊಮ್ಮೆ ತಪಾಸಣೆ, ಹಿಂಗಾಗಿ ಮೇನ್ ಸತ್ರ ಅರ್ಧ ಮುಕ್ಕಾಲು ನಿಮಿಷ ಅಂತ ಇಟ್ಕೋರಿ. ಇದನ್ನ ಭಾಳ ಕೆಳಗ ಇಳಸ್ತೀನಿ ಅಂತ ಹೋಗಬ್ಯಾಡ್ರಿ, ಸ್ವಿಚ್ ಒಂದು ಗಳಿಗೆ ತಡವರಿಸಿದ್ರ ಕಾರಣ ಇಲ್ಲದ ಫೇಲ್‌ಓವರ್ ಆಗತಾವ.

ತಿಳ್ಕೋಬೇಕಾದ್ದು ಮೂರ್ನಾಕು ಅದಾವ. ಎಟ್‌ಸಿಡಿ ಬಂದ್ ಬಿದ್ರ ಡೇಟಾಬೇಸ್ ಗಟ್ಟಿಮುಟ್ಟ ಇದ್ರೂ ಪ್ಯಾಟ್ರೋನಿ ಮೇನ್ ಸರ್ವರ್‌ನ ರೀಡ್ ಓನ್ಲಿ ಮಾಡಿಬಿಡತೈತಿ, ಆವೃತ್ತಿ 3.0ದಾಗ ಇದಕ್ಕ ಫೇಲ್‌ಸೇಫ್ ಮೋಡ್ ಕೊಟ್ಟಾರ, ನೋಡ್ಕೊಂಡು ಆನ್ ಮಾಡ್ರಿ. ಎಟ್‌ಸಿಡಿಗೆ ಎಸ್‌ಎಸ್‌ಡಿ ಕೊಡ್ರಿ, ಅದು ಪ್ರತಿ ಬರಹಾನೂ ಡಿಸ್ಕಿಗೆ ಇಳಿಸಿ ಮುಂದ ಹೋಗೋ ಜಾತಿ, ಹಳೇ ಹಾರ್ಡ್‌ಡಿಸ್ಕ್ ಮ್ಯಾಲೆ, ಅದೂ ರಾತ್ರಿ ಬ್ಯಾಕಪ್ ನಡಿಯೋ ಡಿಸ್ಕ್ ಮ್ಯಾಲೆ ಇಟ್ರ ಲೀಡರ್ ಎಲೆಕ್ಷನ್ ಮ್ಯಾಲೆ ಎಲೆಕ್ಷನ್ ನಡೀತಾವ. ಡಿಫಾಲ್ಟ್ ರೆಪ್ಲಿಕೇಶನ್ ಅಸಿಂಕ್ರೊನಸ್, ಅಂದ್ರ ಕಡೇ ಕೆಲವು ಎಂಟ್ರಿ ಹೋಗಬಹುದು, 1 ಎಂಬಿ ತನಕ ಹಿಂದ ಬಿದ್ದ ನಕಲನ್ನೂ ಅದು ಮೇನ್ ಮಾಡತೈತಿ. ಸೊಸೈಟಿ ಲೆಕ್ಕ ಇಡೋರು ಸಿಂಕ್ರೊನಸ್ ಮೋಡ್ ಹಚ್ಚಲೇಬೇಕು. ಮತ್ತ ಹಳೇ ಮೇನ್ ಸರ್ವರ್ ವಾಪಸ್ ಸೇರಸಾಕ ಪಿಜಿ ರಿವೈಂಡ್ (ಹಳೇದನ್ನ ಹೊಸ ಮೇನ್‌ಗೆ ಹೊಂದಸೋ ಟೂಲ್) ಬೇಕಾಗತೈತಿ, ಅದಕ್ಕ ಡೇಟಾ ಚೆಕ್‌ಸಮ್ ಇಲ್ಲಾ ವಾಲ್ ಲಾಗ್ ಹಿಂಟ್ಸ್ ಅನ್ನೋ ಪೋಸ್ಟ್‌ಗ್ರೆಸ್ ಸೆಟ್ಟಿಂಗ್ ಮೊದಲ ಆನ್ ಇರಬೇಕು, ಅವಘಡ ಆದ ಮ್ಯಾಲೆ ಆನ್ ಮಾಡಿದ್ರ ಉಪಯೋಗಿಲ್ಲ.

ಎಟ್‌ಸಿಡಿ ಅಂದ್ರ ಗಾಬರಿ ಆಗೋರಿಗೆ ಪಿಜಿ ಆಟೋ ಫೇಲ್‌ಓವರ್ ಹಗುರ, ಎರಡು ಡೇಟಾಬೇಸ್ ಒಂದು ಮಾನಿಟರ್, ಅಷ್ಟ. ಮಾನಿಟರ್ ಸತ್ರ ಡೇಟಾಬೇಸ್ ನಡೀತಿರತೈತಿ, ಫೇಲ್‌ಓವರ್ ಮಾತ್ರ ಆಗಂಗಿಲ್ಲ. ರೆಪ್‌ಎಂಜಿಆರ್ ಕೈಯಿಂದ ಸ್ವಿಚ್ ಮಾಡಾಕ ಭಾಳ ಛಲೋ, ಆದ್ರ ಹಳೇ ಮೇನ್‌ನ ಹೊರಗಿಡೋ ಸ್ಕ್ರಿಪ್ಟ್ ನೀವ ಬರೀಬೇಕು, ಅಲ್ಲೇ ಮಂದಿ ಬೀಳೋದು.

ಪ್ರಶ್ನೆ: ಮೈಎಸ್‌ಕ್ಯೂಎಲ್, ಮರಿಯಾಡಿಬಿ?

ಮೈಎಸ್‌ಕ್ಯೂಎಲ್ ಆದ್ರ ಇನೋಡಿಬಿ ಕ್ಲಸ್ಟರ್, ಮರಿಯಾಡಿಬಿ ಆದ್ರ ಗಲೇರಾ. ಇನೋಡಿಬಿ ಕ್ಲಸ್ಟರ್ ಒಳಗಿರೋ ಗ್ರೂಪ್ ರೆಪ್ಲಿಕೇಶನ್ 2016 ಡಿಸೆಂಬರ್‌ನ 5.7.17ದಿಂದ ಐತಿ, 9 ನೋಡ್ ತನಕ ಹಾಕಬಹುದು, ನಮಗ 3 ಸಾಕು. ಇದಕ್ಕ ಪ್ರತಿ ಟೇಬಲ್‌ಗೂ ಪ್ರೈಮರಿ ಕೀ ಇರಬೇಕು, ಟೇಬಲ್ ಇನೋಡಿಬಿ ಜಾತಿದ್ದ ಆಗಿರಬೇಕು. ಇಲ್ಲಿನ ಹಳೇ ದವಾಖಾನಿ ಸಾಫ್ಟ್‌ವೇರ್, ಅಂಗಡಿ ಬಿಲ್ಲಿಂಗ್ ಸಾಫ್ಟ್‌ವೇರ್ ತಗದು ನೋಡ್ರಿ, ಅರ್ಧ ಟೇಬಲ್ ಮೈಐಸ್ಯಾಮ್ ಅನ್ನೋ ಹಳೇ ಜಾತಿವು ಇರತಾವ, ಪ್ರೈಮರಿ ಕೀ ಹೆಸರಿಲ್ಲ. ಹಂಗಾಗಿ ಕ್ಲಸ್ಟರ್ ಕೊಟೇಶನ್‌ಕಿಂತ ಮೊದ್ಲ ಟೇಬಲ್ ಲಿಸ್ಟ್ ತೆಗೀರಿ.

ಗಲೇರಾದಾಗ ಎಲ್ಲಾ ನೋಡ್‌ಗೂ ಬರೀಬಹುದು ಅಂತ ಜಾಹೀರಾತು ಇರತೈತಿ, ಬರೀಬಹುದು, ಬರೀಬ್ಯಾಡ್ರಿ. ಒಂದ ಸಾಲನ್ನ ಎರಡು ನೋಡ್ ಒಮ್ಮೆಲೆ ಬದಲಿಸಿದ್ರ ಕಮಿಟ್ ಹೊತ್ತಿಗೆ ಒಂದಕ್ಕ ಡೆಡ್‌ಲಾಕ್ ಎರರ್ ಬರತೈತಿ, ಅದನ್ನ ಮತ್ತ ಪ್ರಯತ್ನ ಮಾಡೋ ಕೋಡ್ ಹಳೇ ಅಪ್ಲಿಕೇಶನ್‌ದಾಗ ಇರಂಗಿಲ್ಲ. ಒಂದಕ್ಕ ಬರೀರಿ, ಉಳಿದ ಎರಡು ರಿಪೋರ್ಟ್ ಓದಾಕ ಇಡ್ರಿ. ಮತ್ತ ಮೂರರಾಗ ಒಂದು ಹಳೇ ಮಷಿನ್ ಇದ್ರ ಇಡೀ ಕ್ಲಸ್ಟರ್ ಅದ್ರ ವೇಗಕ್ಕ ಇಳೀತೈತಿ.

ಪ್ರಶ್ನೆ: ನಮ್ಮ ಇಆರ್‌ಪಿ ಎಸ್‌ಕ್ಯೂಎಲ್ ಸರ್ವರ್ ಮ್ಯಾಲೆ ಐತ್ರಿ.

ಆಗ ಸಾಫ್ಟ್‌ವೇರ್ ಹುಡುಕೋದು ಬ್ಯಾಡ, ವಿಂಡೋಸ್ ಫೇಲ್‌ಓವರ್ ಕ್ಲಸ್ಟರ್ ಮ್ಯಾಲೇನ ಬರ್ರಿ. ಎಡಿಶನ್ ನೋಡ್ಕೋರಿ ಅಷ್ಟ. ಎಂಟರ್‌ಪ್ರೈಸ್ ಆದ್ರ ಆಲ್ವೇಸ್ ಆನ್ ಅವೇಲಬಿಲಿಟಿ ಗ್ರೂಪ್ (ಡೇಟಾಬೇಸ್ ಗುಂಪಿನ ನಕಲು ಎರಡನೇ ಸರ್ವರ್‌ನ್ಯಾಗ ಇಟ್ಟು ಫೇಲ್‌ಓವರ್ ಮಾಡೋದು) ಪೂರ್ತಿ ಸಿಗತೈತಿ, 2012ರಿಂದ ಐತಿ. ಸ್ಟ್ಯಾಂಡರ್ಡ್ ಆದ್ರ ಎರಡು ನೋಡ್‌ನ ಶೇರ್ಡ್ ಡಿಸ್ಕ್ ಕ್ಲಸ್ಟರ್, ಇಲ್ಲಾ 2016ರಿಂದ ಬಂದ ಬೇಸಿಕ್ ಅವೇಲಬಿಲಿಟಿ ಗ್ರೂಪ್, ಇದ್ರಾಗ ಒಂದು ಗ್ರೂಪ್‌ಗೆ ಒಂದ ಡೇಟಾಬೇಸ್, ಎರಡನೇ ಸರ್ವರ್‌ನ್ಯಾಗ ಓದಾಕೂ ಬರಂಗಿಲ್ಲ. ಇಆರ್‌ಪಿ ಒಂದು, ಪೇರೋಲ್ ಒಂದು, ಅಟೆಂಡೆನ್ಸ್ ಒಂದು ಹಿಂಗ ಬ್ಯಾರೆ ಡೇಟಾಬೇಸ್ ಇದ್ದು ಒಂದಕ್ಕೊಂದು ಕ್ವೆರಿ ಹೊಡೀತಿದ್ರ ಒಂದು ಈ ಕಡೆ ಇನ್ನೊಂದು ಆ ಕಡೆ ಹೋಗೋ ಸಾಧ್ಯತೆ ಐತಿ. ಎಕ್ಸ್‌ಪ್ರೆಸ್ ಎಡಿಶನ್ ಆದ್ರ ಇವ್ಯಾವೂ ಇಲ್ಲ, ಬ್ಯಾಕಪ್ ತಗದು ಆ ಕಡೆ ರೀಸ್ಟೋರ್ ಮಾಡೋ ಸ್ಕ್ರಿಪ್ಟ್ ಬರ್ಕೋರಿ.

ಅವೇಲಬಿಲಿಟಿ ಗ್ರೂಪ್ ಡೇಟಾಬೇಸ್ ಅಷ್ಟ ಒಯ್ಯತೈತಿ, ಲಾಗಿನ್ ಮತ್ತ ಏಜೆಂಟ್ ಜಾಬ್ ಒಯ್ಯಂಗಿಲ್ಲ. ಫೇಲ್‌ಓವರ್ ಸುಸೂತ್ರ ಆಗಿ ಮರುಕ್ಷಣ ಎಲ್ಲಾರಿಗೂ ಲಾಗಿನ್ ಫೇಲ್ ಅಂತ ಬರೋದು ಇದಕ್ಕ. 2022ದಾಗ ಕಂಟೇನ್ಡ್ ಗ್ರೂಪ್ ಅಂತ ಬಂದು ಇದನ್ನ ಸರಿ ಮಾಡೈತಿ, ಹಳೇ ಆವೃತ್ತಿಯೋರು ಕೈಯಿಂದ ಎರಡೂ ಕಡೆ ಒಂದ ಥರ ಇಟ್ಕೋಬೇಕು. ಆಕ್ಟಿವ್ ಡೈರೆಕ್ಟರಿ ಇಲ್ಲದ ಸಣ್ಣ ಆಫೀಸ್‌ನವ್ರೂ ಅವೇಲಬಿಲಿಟಿ ಗ್ರೂಪ್ ಮಾಡಬಹುದು, ವಿಂಡೋಸ್ ಸರ್ವರ್ 2016ರಿಂದ ವರ್ಕ್‌ಗ್ರೂಪ್ ಕ್ಲಸ್ಟರ್ ನಡೀತೈತಿ.

ಪ್ರಶ್ನೆ: ಒರಾಕಲ್?

ಲೈಸೆನ್ಸ್ ಓದ್ರಿ, ತಂತ್ರಜ್ಞಾನ ಆಮ್ಯಾಲೆ. ರ್‍ಯಾಕ್ (ಹಲವು ಸರ್ವರ್ ಕೂಡಿ ಒಂದ ಡೇಟಾಬೇಸ್ ನಡಸೋ ಕ್ಲಸ್ಟರ್) 2001ರ 9ಐದಿಂದ ಐತಿ, ಗಟ್ಟಿ ಮಾಲು, ಆದ್ರ 19ಸಿಯಿಂದ ಸ್ಟ್ಯಾಂಡರ್ಡ್ ಎಡಿಶನ್ 2ದಾಗ ಅದನ್ನ ತೆಗೆದುಬಿಟ್ರು, ಬದಲಿಗೆ 19.7ರಿಂದ ಸ್ಟ್ಯಾಂಡರ್ಡ್ ಎಡಿಶನ್ ಹೈ ಅವೇಲಬಿಲಿಟಿ ಕೊಟ್ಟಾರ. ಡೇಟಾ ಗಾರ್ಡ್ (ಒರಾಕಲ್‌ದ ನಕಲು ವ್ಯವಸ್ಥೆ) ಬೇಕಂದ್ರ ಎಂಟರ್‌ಪ್ರೈಸ್ ಬೇಕು.

ಪ್ರಶ್ನೆ: ಟ್ಯಾಲಿಗೆ ಕ್ಲಸ್ಟರ್?

ಬ್ಯಾಡ. ಡೇಟಾ ಫೋಲ್ಡರ್ ದಿನಾ ಬ್ಯಾರೆ ಕಡೆ ಬ್ಯಾಕಪ್ ತಗೋರಿ.

ಪ್ರಶ್ನೆ: ವಿಎಂವೇರ್ ಇಲ್ಲಾ ಪ್ರಾಕ್ಸ್‌ಮಾಕ್ಸ್‌ದಾಗ ಹೆಚ್‌ಎ (ಹೈ ಅವೇಲಬಿಲಿಟಿ) ಐತಲ್ಲ, ಅದ ಸಾಲಂಗಿಲ್ಲೇನು?

ಭಾಳ ಮಂದಿಗೆ ಸಾಕು, ಮತ್ತ ಇದನ್ನ ಹೇಳಿದ್ರ ಕ್ಲಸ್ಟರ್ ಮಾರೋರಿಗೆ ಸಿಟ್ಟು ಬರತೈತಿ. ಹೋಸ್ಟ್ (ನಿಜವಾದ ಮಷಿನ್) ಸತ್ರ ಅದ್ರ ಮ್ಯಾಲಿನ ವಿಎಂ (ವರ್ಚುಯಲ್ ಮಷಿನ್) ಇನ್ನೊಂದು ಹೋಸ್ಟ್ ಮ್ಯಾಲೆ ಬೂಟ್ ಆಗತೈತಿ, ಡೇಟಾಬೇಸ್ ರಿಕವರಿ ಸೇರಿ ಕೆಲವು ನಿಮಿಷ ಹಿಡೀತೈತಿ, ಅಷ್ಟು ತಡ್ಕೊಳ್ಳೋ ಶಕ್ತಿ ಇದ್ರ ಡೇಟಾಬೇಸ್ ಮಟ್ಟದ ಕ್ಲಸ್ಟರ್‌ದ ಉಸಾಬರಿನ ಬ್ಯಾಡ. ಅದಕ್ಕ ಕಾಣಲಾರದ್ದು ವಿಎಂ ಒಳಗಿನ ರೋಗ, ಡೇಟಾಬೇಸ್ ಹ್ಯಾಂಗ್ ಆಗಿ ಕುಂತ್ರೂ ವಿಎಂ ಚಾಲೂ ಐತಿ ಅಂತ ಅದು ಸುಮ್ಮನಿರತೈತಿ. ಪ್ಯಾಚ್ ಹಾಕುವಾಗಿನ ಬಂದ್ ಕೂಡ ತಪ್ಪಂಗಿಲ್ಲ. ಬ್ರಾಡ್‌ಕಾಮ್ 2023ದಾಗ ವಿಎಂವೇರ್ ಕೊಂಡ ಮ್ಯಾಲೆ ಒಮ್ಮೆ ಕೊಂಡು ಇಟ್ಕೊಳ್ಳೋ ಲೈಸೆನ್ಸ್ ನಿಲ್ಲಿಸಿ ಸಬ್‌ಸ್ಕ್ರಿಪ್ಶನ್ ಮಾಡಿದ್ರು, ಅದಕ್ಕ ಸಣ್ಣ ಆಫೀಸ್‌ನವ್ರು ಪ್ರಾಕ್ಸ್‌ಮಾಕ್ಸ್ ಕಡೆ ನೋಡತಾರ. ಅದ್ರ ಒಳಗಿರೋದೂ ಕೊರೊಸಿಂಕ್, ಅಲ್ಲೂ ಮೂರನೇ ಓಟ್ ಬೇಕು. ಡೇಟಾಬೇಸ್ ಕ್ಲಸ್ಟರ್‌ನ ವಿಎಂಗಳ ಮ್ಯಾಲೆ ಮಾಡಿದ್ರ ಎರಡೂ ವಿಎಂ ಒಂದ ಹೋಸ್ಟ್ ಮ್ಯಾಲೆ ಕೂಡಲಾರದಂಗ ರೂಲ್ ಹಾಕ್ರಿ.

ಪ್ರಶ್ನೆ: ಒಂದು ಸರ್ವರ್ ಬೆಳಗಾವಿ, ಇನ್ನೊಂದು ಬೆಂಗಳೂರು ಇಟ್ಟು ಆಟೋಮ್ಯಾಟಿಕ್ ಮಾಡಬಹುದಾ?

ಇಡ್ರಿ, ಆದ್ರ ಆಟೋಮ್ಯಾಟಿಕ್ ಬ್ಯಾಡ. ಸುಮಾರು 500 ಕಿಲೋಮೀಟರ್ ದೂರ, ಫೈಬರ್‌ದಾಗ ಬೆಳಕು ಹೋಗಿ ಬರಾಕ 5 ಮಿಲಿಸೆಕೆಂಡ್ ಬೇಕೇ ಬೇಕು, ಕೇಬಲ್ ನೆಟ್ಟಗ ಹೋಗಂಗಿಲ್ಲ, ನಡುವ ರೌಟರ್ ಇರತಾವ, ಹಿಂಗಾಗಿ ಅದ್ರಕಿಂತ ಜಾಸ್ತಿನ ಆಗತೈತಿ. ಸಿಂಕ್ರೊನಸ್ ಇಟ್ರ ಪ್ರತಿ ಕಮಿಟ್ ಅಷ್ಟು ಕಾಯಬೇಕು, ಅಸಿಂಕ್ರೊನಸ್ ಇಟ್ಟು ಆಟೋಮ್ಯಾಟಿಕ್ ಮಾಡಿದ್ರ ಕಡೇ ಎಂಟ್ರಿ ಕಳೆದು ಹೋಗತಾವ. ರೋಡ್ ಅಗೆಯೋ ಜೆಸಿಬಿ ಫೈಬರ್ ಕಡಿದಾಗೆಲ್ಲಾ ಡೇಟಾಬೇಸ್ ಬೆಂಗಳೂರಿಗೆ ಹೋಗಬೇಕಾ? ಗಿಟ್‌ಹಬ್‌ನಂಥವ್ರಿಗೇ 2018 ಅಕ್ಟೋಬರ್ 21ಕ್ಕ ಇದು ಆತು. ಅಮೆರಿಕದ ಪೂರ್ವ ಕರಾವಳಿಯ ಅವ್ರ ಡೇಟಾ ಸೆಂಟರ್ ಸಂಪರ್ಕ ಬರೇ 43 ಸೆಕೆಂಡ್ ತಪ್ಪಿತ್ತು, ಆರ್ಕೆಸ್ಟ್ರೇಟರ್ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್ ಮೇನ್‌ನ ಪಶ್ಚಿಮ ಕರಾವಳಿಗೆ ಒಯ್ತು, ಎರಡೂ ಕಡೆ ಒಂದಕ್ಕೊಂದು ಗೊತ್ತಿಲ್ಲದ ಬರಹ ಉಳಿದ್ವು, ಪೂರ್ತಿ ಸರಿ ಆಗಾಕ 24 ತಾಸು 11 ನಿಮಿಷ ಹಿಡೀತು. ಸಾಫ್ಟ್‌ವೇರ್ ಕೆಟ್ಟಿರಲಿಲ್ಲ, ಹೇಳಿದ್ದನ್ನ ಮಾಡಿತ್ತು. ಅದಕ್ಕ ಒಂದ ಕ್ಯಾಂಪಸ್ ಒಳಗ ಆಟೋಮ್ಯಾಟಿಕ್, ಊರು ಬದಲಾದ್ರ ಒಬ್ಬ ಮನುಷ್ಯ ಯೋಚನೆ ಮಾಡಿ ಬಟನ್ ಒತ್ತಲಿ.

ಪ್ರಶ್ನೆ: ಕ್ಲಸ್ಟರ್ ಇದ್ಮ್ಯಾಲೆ ಬ್ಯಾಕಪ್ ಬೇಕಾ?

ಬೇಕು. ಯಾವ ಸಾಲು ಅಂತ ಹೇಳೋ ವೇರ್ ಇಲ್ಲದ ಡಿಲೀಟ್ ಒಂದು ಹೊಡೆದ್ರ ಅದು ಎಲ್ಲಾ ನೋಡ್‌ಗೂ ಅಷ್ಟ ಚುರುಕಾಗಿ ಹೋಗತೈತಿ. ಗಿಟ್‌ಲ್ಯಾಬ್‌ದಾಗ 2017 ಜನವರಿ 31ಕ್ಕ ಇಂಜಿನಿಯರ್ ಒಬ್ಬರು ತಪ್ಪು ಸರ್ವರ್‌ನ್ಯಾಗ ಪೋಸ್ಟ್‌ಗ್ರೆಸ್ ಡೇಟಾ ಫೋಲ್ಡರ್ ಅಳಿಸಿದ್ರು, ರೆಪ್ಲಿಕಾ ಇತ್ತು, ಬ್ಯಾಕಪ್ ಪದ್ಧತಿನೂ ಹಲವು ಇದ್ವು, ನೋಡಿದ್ರ ಡಂಪ್ (ಡೇಟಾಬೇಸ್‌ನ ಫೈಲ್‌ಗೆ ಇಳಿಸೋ ಬ್ಯಾಕಪ್) ಆವೃತ್ತಿ ಹೊಂದಲಾರದ ಸುಮ್ಮನ ಫೇಲ್ ಆಗ್ತಿತ್ತು. ಸುಮಾರು 6 ತಾಸಿನ ಡೇಟಾ ಹೋತು. ರೀಸ್ಟೋರ್ ಮಾಡಿ ನೋಡಿದ ಬ್ಯಾಕಪ್‌ಗೆ ಮಾತ್ರ ಬ್ಯಾಕಪ್ ಅನ್ರಿ.

ಪ್ರಶ್ನೆ: ಹೆಸ್ಕಾಂ ಕರೆಂಟ್ ಹೋಗಿ ಯುಪಿಎಸ್‌ನೂ ಖಾಲಿ ಆಗಿ ಎಲ್ಲಾ ಒಮ್ಮೆಲೆ ಬಂದ್ ಬಿದ್ರ?

ಈ ಪ್ರಶ್ನೆ ಕೇಳಿದೋರಿಗೆ ಶಾಬಾಸ್ ಅನ್ನಬೇಕು, ಯಾಕಂದ್ರ ಸಾಫ್ಟ್‌ವೇರ್ ಮಾಡೋರ ತಲಿಯಾಗ ಒಂದು ಸಾಯತೈತಿ ಎರಡು ಉಳೀತಾವ ಅಂತ ಇರತೈತಿ, ನಮ್ ಕಡೆ ಆಗೋದು ಮೂರೂ ಕೂಡಿ ಸಾಯೋದು, ಜನರೇಟರ್‌ದಾಗ ಡೀಸೆಲ್ ಇಲ್ಲ ಅಂತ ಬೆಳಿಗ್ಗೆ ಗೊತ್ತಾಗೋದು. ಆಗ ಪ್ರತಿ ಸಾಫ್ಟ್‌ವೇರ್‌ದ ನಡವಳಿಕೆ ಬ್ಯಾರೆ.

ಗಲೇರಾ ತಾನಾಗಿ ಏಳಂಗಿಲ್ಲ. ಕರೆಂಟ್ ಹೋಗಿ ಸತ್ತಿದ್ರ ಎಲ್ಲಾ ನೋಡ್‌ನ ಗ್ರಾಸ್ಟೇಟ್ ಫೈಲ್‌ದಾಗ ಸೇಫ್ ಟು ಬೂಟ್‌ಸ್ಟ್ರ್ಯಾಪ್ 0 ಇರತೈತಿ, ಅಂದ್ರ ನನ್ನಿಂದ ಶುರು ಮಾಡ್ರಿ ಅಂತ ಯಾವ್ದೂ ಹೇಳಂಗಿಲ್ಲ, ಯಾವ ನೋಡ್‌ನ್ಯಾಗ ಎಲ್ಲಾಕಿಂತ ಮುಂದಿನ ಡೇಟಾ ಐತಿ ಅಂತ ರಿಕವರ್ ಆಪ್ಶನ್ ಹಾಕಿ ನೋಡಿ, ಅದನ್ನ ಕೈಯಿಂದ ಮೊದ್ಲ ಎಬ್ಬಿಸಬೇಕು. ಗಡಬಡಿಯಾಗ ಹಿಂದ ಬಿದ್ದದ್ದನ್ನ ಎಬ್ಬಿಸಿದ್ರ ಮುಂದಿದ್ದ ಎಂಟ್ರಿ ಹೋದ್ವು. ಇನೋಡಿಬಿ ಕ್ಲಸ್ಟರ್‌ಗೂ ಮೈಎಸ್‌ಕ್ಯೂಎಲ್ ಶೆಲ್‌ದಾಗ ಪೂರ್ತಿ ಔಟೇಜ್‌ನಿಂದ ರೀಬೂಟ್ ಮಾಡೋ ಕಮಾಂಡ್ ಐತಿ, ಅದನ್ನೂ ಮನುಷ್ಯನ ಹೊಡೀಬೇಕು. ಪ್ಯಾಟ್ರೋನಿ ಎಟ್‌ಸಿಡಿದ ಮೂರರಾಗ ಎರಡು ಎದ್ರ ತಾನ ಸಂಭಾಳಿಸ್ಕೋತೈತಿ. ಎರಡು ನೋಡ್‌ನ ಕೊರೊಸಿಂಕ್‌ದಾಗ ವೇಟ್ ಫಾರ್ ಆಲ್ ಆನ್ ಇರತೈತಿ, ಅಂದ್ರ ಇಬ್ರೂ ಒಮ್ಮೆ ಮುಖ ನೋಡೋ ತನಕ ಚಾಲೂ ಆಗಂಗಿಲ್ಲ, ಒಂದು ಸರ್ವರ್‌ದ ಪವರ್ ಸಪ್ಲೈ ಸುಟ್ಟಿದ್ರ ಇನ್ನೊಂದು ಗಟ್ಟಿ ಇದ್ರೂ ಸುಮ್ಮನ ಕೂಡ್ರತೈತಿ. ಅದು ಸರಿನ, ಆದ್ರ ರಾತ್ರಿ ಪಾಳಿಯಂವಗ ಅದು ಗೊತ್ತಿರಬೇಕಲ್ಲ.

ಪ್ರಶ್ನೆ: ಫೇಲ್‌ಓವರ್ ಆದ್ರ ಅಪ್ಲಿಕೇಶನ್ ತಾನಾಗಿ ಹೊಸ ಸರ್ವರ್‌ಗೆ ಹೋಗತೈತಾ?

ಹಳೇ ಕನೆಕ್ಷನ್ ಕಡೀತಾವ, ಅಪ್ಲಿಕೇಶನ್ ಮತ್ತ ಕನೆಕ್ಟ್ ಆಗೋದು ಕಲ್ತಿರಬೇಕು. ಕಾಟಾದ ವಿಬಿ ಪ್ರೋಗ್ರಾಂ ಒಳಗ ಐಪಿ ಹೊಲಿದುಬಿಟ್ಟಿದ್ರ ಚಿಂತಿ ಬ್ಯಾಡ, ಮೇನ್ ಯಾವ ಸರ್ವರ್‌ಗೆ ಹೋಗತೈತೋ ಅದ್ರ ಹಿಂದ ಹೋಗೋ ವರ್ಚುಯಲ್ ಐಪಿ ಅದಕ್ಕಂತನ ಐತಿ. ಪೋಸ್ಟ್‌ಗ್ರೆಸ್ 10ರಿಂದ ಕನೆಕ್ಷನ್ ಸಾಲಿನ್ಯಾಗ ಎರಡ್ಮೂರು ಹೋಸ್ಟ್ ಕೊಟ್ಟು ಬರಿಯಾಕ ಬರೋದನ್ನ ಹುಡುಕು ಅಂತ ಹೇಳಬಹುದು, ನಡುವ ಏನೂ ಬ್ಯಾಡ. ನಡುವ ಟ್ರಾಫಿಕ್ ತಿರುಗಿಸೋ ಹೆಚ್‌ಎ ಪ್ರಾಕ್ಸಿ ಇಟ್ರ ಅದೂ ಎರಡಿರಬೇಕು, ಮೂರು ಡೇಟಾಬೇಸ್ ಮುಂದ ಒಂದ ಪ್ರಾಕ್ಸಿ ಇಟ್ಟ ಜಾಗ ನೋಡೀನಿ. ಮೈಎಸ್‌ಕ್ಯೂಎಲ್ ರೌಟರ್ (ಅಂಥದ್ದ ಸಾಫ್ಟ್‌ವೇರ್) ಆದ್ರ ಅಪ್ಲಿಕೇಶನ್ ಸರ್ವರ್ ಮ್ಯಾಲೇನ ಕೂಡಸ್ರಿ.

ಪ್ರಶ್ನೆ: ರೊಕ್ಕ ಕೊಟ್ಟು ತಗೊಳ್ಳೋ ಸಾಫ್ಟ್‌ವೇರ್ ತಗೋಬೇಕಾ?

ಸಿಯೋಸ್ ಲೈಫ್‌ಕೀಪರ್, ಇನ್ಫೋಸ್ಕೇಲ್ (ಮೊದ್ಲ ವೆರಿಟಾಸ್‌ದು), ರೆಡ್ ಹ್ಯಾಟ್ ಮತ್ತ ಸೂಸೆದವ್ರ ಹೈ ಅವೇಲಬಿಲಿಟಿ ಪ್ಯಾಕ್ ಇವೆಲ್ಲಾ ಗಟ್ಟಿ ಇದ್ದಾವ. ಕಡೇ ಎರಡರ ಒಳಗಿರೋದು ಅದ ಪೇಸ್‌ಮೇಕರ್, ನೀವು ರೊಕ್ಕ ಕೊಡೋದು ಟೆಸ್ಟ್ ಮಾಡಿದ ಪ್ಯಾಕೇಜಿಗೆ ಮತ್ತ ಫೋನ್ ಎತ್ತೋ ಮನುಷ್ಯಗ. ಹಂಗಾಗಿ ಫೋನ್ ಪರೀಕ್ಷೆ ಮಾಡ್ರಿ, ಆಯಿತವಾರ ರಾತ್ರಿ ಒಂದು ಟಿಕೆಟ್ ಹಾಕಿ ನೋಡ್ರಿ. ನಿಮ್ಮಲ್ಲಿ ಲಿನಕ್ಸ್ ಗೊತ್ತಿರೋ ಒಬ್ಬನ ಹುಡುಗ ಇದ್ದು ಅವನೂ ಪುಣೆಕ್ಕೋ ಬೆಂಗಳೂರಿಗೋ ಹೋಗೋ ತಯಾರಿಯಾಗಿದ್ರ ಪ್ಯಾಟ್ರೋನಿ ಎಷ್ಟ ಛಲೋ ಇದ್ರೂ ನಿಮಗಲ್ಲ. ಎಲ್ಲಾರಿಗೂ ವಿಂಡೋಸ್ ಬರತೈತಿ ಅಂದ್ರ ವಿಂಡೋಸ್ ಕ್ಲಸ್ಟರ್ ಹಚ್ರಿ, ಯಾರರ ನಕ್ರ ನಗಲಿ.

ಪ್ರಶ್ನೆ: ಡೆಮೋದಾಗ ಏನ್ ನೋಡ್ಬೇಕು?

ವೆಂಡರ್ ಸರ್ವರ್‌ನ ಮೆತ್ತಗ ಶಟ್‌ಡೌನ್ ಮಾಡಿ "ನೋಡ್ರಿ ಹೋತು" ಅಂತಾನ. ಅದು ಪರೀಕ್ಷೆ ಅಲ್ಲ. ನೀವ ಕೈ ಹಾಕ್ರಿ. ನೆಟ್‌ವರ್ಕ್ ಕೇಬಲ್ ಅಷ್ಟ ಕೀಳ್ರಿ, ಪವರ್ ಬಿಡ್ರಿ. ಆಮ್ಯಾಲೆ ಎರಡೂ ಪವರ್ ಕೇಬಲ್ ಕೀಳ್ರಿ, ಫೆನ್ಸಿಂಗ್ ಎಲ್ಲಿ ಸಿಕ್ಕೊಳ್ಳತೈತಿ ಅಲ್ಲೇ ಗೊತ್ತಾಗತೈತಿ. ಡೇಟಾಬೇಸ್ ಪ್ರೊಸೆಸ್‌ನ ಕೊಲ್ಲಬ್ಯಾಡ್ರಿ, ಸ್ಟಾಪ್ ಸಿಗ್ನಲ್ ಕೊಟ್ಟು ಹೆಪ್ಪುಗಟ್ಟಸ್ರಿ. ಡಿಸ್ಕ್ ಪೂರ್ತಿ ತುಂಬಸ್ರಿ. ಇವೆಲ್ಲಾ ನಡಿಯುವಾಗ ಒಂದು ಸಣ್ಣ ಸ್ಕ್ರಿಪ್ಟ್ ಸೆಕೆಂಡಿಗೊಂದು ನಂಬರ್ ಡೇಟಾಬೇಸ್‌ಗೆ ಬರೀತಾ, ಕಮಿಟ್ ಆತು ಅಂದದ್ದನ್ನ ಬ್ಯಾರೆ ಫೈಲ್‌ದಾಗ ಇಟ್ಕೊಳ್ಳಲಿ. ಮುಗಿದ ಮ್ಯಾಲೆ ಎರಡನ್ನೂ ಹೋಲಿಸ್ರಿ, ಎಷ್ಟು ಸೆಕೆಂಡ್ ನಿಂತಿತ್ತು, ಕಮಿಟ್ ಆದದ್ದು ಎಷ್ಟು ಕಳೀತು ಎರಡೂ ಬರತಾವ. ಬ್ರೋಷರ್‌ದಾಗಿನ ಸಂಖ್ಯೆ ಆ ಫೈಲ್ ಮುಂದ ನಿಲ್ಲಬೇಕು.

ಪ್ರಶ್ನೆ: ಹಳೇ ಸರ್ವರ್ ಸರಿ ಆದ ಮ್ಯಾಲೆ ಮೇನ್ ತಾನಾಗಿ ವಾಪಸ್ ಅದಕ್ಕ ಹೋಗಬೇಕಲ್ಲ?

ಹೋಗಬಾರದು. ಆಟೋ ಫೇಲ್‌ಬ್ಯಾಕ್ ಆಫ್ ಇಡ್ರಿ, ಪೇಸ್‌ಮೇಕರ್ ಆದ್ರ ಸ್ಟಿಕಿನೆಸ್ (ಇದ್ದಲ್ಲೇ ಉಳಿಯೋ ಒಲವು) ಜಾಸ್ತಿ ಇಡ್ರಿ. ಯಾಕ ಸತ್ತಿತ್ತು ಅಂತ ಗೊತ್ತಾಗಲಾರದ ಸರ್ವರ್‌ಗೆ ಮತ್ತ ಡೇಟಾಬೇಸ್ ಕೊಟ್ರ ಒಂದು ತಾಸಿನ್ಯಾಗ ಮತ್ತ ಬೀಳತೈತಿ, ಹಿಂದ ಮುಂದ ಓಡಾಡಿ ಎಲ್ಲಾ ಕನೆಕ್ಷನ್ ಕಡೀತಾವ. ಎರಡೂ ಸರ್ವರ್ ಒಂದ ತೂಕದವು ಇದ್ರ ವಾಪಸ್ ಹೋಗೋ ಗರಜೇ ಇಲ್ಲ. ಎರಡನೇದು ಸಣ್ಣ ಮಷಿನ್ ಇದ್ರ ಲಾಗ್ ಓದಿ, ರ್‍ಯಾಮ್ ಡಿಸ್ಕ್ ತಪಾಸಣೆ ಮಾಡಿ, ಕಾಟಾ ಖಾಲಿ ಇರೋ ಹೊತ್ತು ನೋಡಿ ಕೈಯಿಂದ ತಿರುಗಸ್ರಿ.